ಬಾವಿಯ ನೀರು ಸೇದುವ ಕೈ

ನಾನು ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದವಳು. ನಿವೃತ್ತಿಯಾದ ಮೇಲೂ ಐದಕ್ಕೆ ಏಳುತ್ತೇನೆ. ಐದೂಮುಕ್ಕಾಲಿಗೆ ಹಾಸನದ ನಮ್ಮ ಬಡಾವಣೆಯ ಪಾರ್ಕಿನಲ್ಲಿರುತ್ತೇನೆ. ಎಪ್ಪತ್ತು ದಾಟಿದ್ದರೂ ನೆಲದಿಂದ ಕೈಯೂರದೆ ಎದ್ದು ನಿಲ್ಲಬಲ್ಲೆ. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕನೂ ಹಾಗೇ ಏಳುತ್ತಿದ್ದಳು, ಮೂರು ವರ್ಷದ ಹಿಂದಿನವರೆಗೆ.

ಅಕ್ಕನ ಮನೆ ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಹಿತ್ತಲಲ್ಲೊಂದು ಸೇದುವ ಬಾವಿ. ಮದುವೆಯಾಗಿ ಬಂದಂದಿನಿಂದ ಅವಳು ಆ ಬಾವಿಯಿಂದ ದಿನಕ್ಕೆ ಇಪ್ಪತ್ತು ಮೂವತ್ತು ಕೊಡ ನೀರು ಸೇದಿದವಳು. ಮೂರು ವರ್ಷದ ಹಿಂದೆ ಮಗ ಬಾವಿಗೆ ಮೋಟಾರು ಹಾಕಿಸಿದ. ಅರಕಲಗೂಡಿನ ಕಡೆಯಿಂದ ಬಂದ ಸೊಸೆ ಒಳ್ಳೆಯವಳು. ಅತ್ತೆ ಏಳುವುದಕ್ಕೆ ಮೊದಲೇ, "ನೀವು ಕೂತ್ಕಳಿ ಅತ್ತೆ, ನಾನು ತತ್ತೀನಿ" ಎನ್ನುವಳು. ಅಕ್ಕ ಕೂತಳು. ಕಸ ಗುಡಿಸುವುದು ನಿಂತಿತು, ಬಟ್ಟೆ ಒಗೆಯುವುದು ನಿಂತಿತು. ಕಳೆದ ದೀಪಾವಳಿಯ ಮಾರನೆಯ ದಿನ ಊಟ ಮುಗಿಸಿ ನೆಲದಿಂದ ಏಳುವಾಗ ಬಲಗೈ ಊರಿದಳು, ಮಣಿಕಟ್ಟು ಮುರಿಯಿತು. ಜಾರಿರಲಿಲ್ಲ, ಎಡವಿರಲಿಲ್ಲ. ಬರೀ ಎದ್ದಿದ್ದಳು.

ಪಟ್ಟಿ ಬಿಚ್ಚಿದ ಮೇಲೆ ನಾನೇ ಅವಳನ್ನು ಹಾಸನಕ್ಕೆ ಕರೆತಂದೆ. ಮೂಳೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಸ್ಕ್ಯಾನಿನ ಚಿತ್ರ ನೋಡಿ, ಮೂಳೆ ಟೊಳ್ಳಾಗಿದೆ, ತೊಡೆ ತೋಳುಗಳಲ್ಲಿ ಮಾಂಸ ಇಳಿದುಹೋಗಿದೆ ಎಂದರು. ವಿಶ್ರಾಂತಿ ಕೊಡಬೇಕೇ ಎಂದು ನಾನು ಕೇಳಿದ್ದಕ್ಕೆ, "ವಿಶ್ರಾಂತಿ ಕೊಟ್ಟೇ ಹಿಂಗಾಗಿರೋದು. ಸ್ನಾಯು ಎಳೆದರೆ ತಾನೆ ಮೂಳೆಗೆ ಕೆಲಸ" ಎಂದರು. ಮುಂದಕ್ಕೆ ಬಗ್ಗಿ ಭಾರ ಎತ್ತಬಾರದು, ನೇರ ನಿಂತು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ಸುಣ್ಣದಂಶದ ಮಾತ್ರೆ ದಿನಕ್ಕೊಂದು, ವಿಟಮಿನ್ ಡಿ ಗುಳಿಗೆ ವಾರಕ್ಕೊಂದು.

ಹೊರಡುವಾಗ ಅಕ್ಕ ಕೇಳಿದಳು. "ಆಷಾಢದೊತ್ಗೆ ನೀರು ಸೇದಬೋದಾ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ. ನಾವು ಜೈನರು. ಬರುವ ಆಷಾಢದಿಂದ ನಾಲ್ಕು ತಿಂಗಳು ಅಕ್ಕನ ಊರಿನ ಬಸದಿಯಲ್ಲಿ ಮಾತಾಜಿಯೊಬ್ಬರು, ಅಂದರೆ ಸಂನ್ಯಾಸಿನಿ, ಚಾತುರ್ಮಾಸಕ್ಕೆ ನಿಲ್ಲುವವರಿದ್ದರು. ಊರಿಗೆ ಬಹಳ ವರ್ಷಗಳ ಮೇಲೆ ಒದಗಿದ ಭಾಗ್ಯ. ಅವರು ದಿನಕ್ಕೆ ಒಂದೇ ಸಲ ಯಾರಾದರೂ ಒಬ್ಬರ ಮನೆಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ಆ ಅಡಿಗೆಗೆ ನಲ್ಲಿಯ ನೀರು, ಮೋಟಾರಿನ ನೀರು ಸಲ್ಲುವುದಿಲ್ಲ. ಸ್ನಾನ ಮಾಡಿ ಶುದ್ಧ ಬಟ್ಟೆ ಉಟ್ಟವರು ಬಾವಿಯಿಂದ ಕೈಯಾರೆ ಸೇದಿ, ಬಟ್ಟೆಯಲ್ಲಿ ಸೋಸಿ, ಕಾಯಿಸಬೇಕು.

"ಸೊಸೆ ಸೇದಬಹುದಲ್ಲ?" ಎಂದರು ಡಾಕ್ಟರು.

"ಸೇದ್ತಾಳೆ. ಅವಳು ಸೇದುದ್ರೆ ಅವಳು ಕೊಟ್ಟ ಆಹಾರ ಆಯ್ತದೆ" ಎಂದಳು ಅಕ್ಕ. "ನಂಗೆ ಇನ್ನೊಂದು ಚಾತುರ್ಮಾಸ ಈ ಊರಲ್ಲಿ ಸಿಕ್ತದೋ ಇಲ್ವೋ."

ಏಳು ತಿಂಗಳಿತ್ತು. ಅವಳನ್ನು ನನ್ನ ಮನೆಯಲ್ಲೇ ಉಳಿಸಿಕೊಂಡು, ದಿನಚರಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿದೆ. ಬೆಳಿಗ್ಗೆ ಗೋಡೆಗೆ ಅಂಗೈಯಿಟ್ಟು ತಳ್ಳುವುದು, ಹತ್ತು ಸಲ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಮೊದಮೊದಲು ಮೂರು ಸಲ. ಹಿಮ್ಮಡಿ ಎತ್ತಿ ಇಳಿಸುವುದು. ಸಂಜೆ ಬಿಸಿಲಿನಲ್ಲಿ ನಡಿಗೆ. ರಾತ್ರಿ ಏಳೂವರೆಗೆ ರಾಗಿ ಗಂಜಿ, ಹಾಲು.

ಅಕ್ಕ ಕನ್ನಡಕ ಹಾಕಿಕೊಂಡು ಓದಿದಳು. "ಏಳೂವರೆಗಾ? ಒತ್ತು ಮುಳುಗಿದ ಮೇಲಾ?"

ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ನಾನೂ ಅದೇ ಮನೆಯಲ್ಲಿ ಹುಟ್ಟಿದವಳು. ಶಾಲೆಯ ಹಾಸ್ಟೆಲ್ ಮೆಸ್ಸಿನ ಗಂಟೆಗೆ ಉಂಡು ಉಂಡು ಮರೆತಿದ್ದೆ. ಅಲ್ಲೇ ಏಳೂವರೆಯನ್ನು ಹೊಡೆದು ಐದೂವರೆ ಎಂದು ಬರೆದೆ. ಆ ಪಟ್ಟಿಯಲ್ಲಿ ಅವಳಿಗೆ ಒಗ್ಗದ್ದು ಇನ್ನೇನಿದೆ ಎಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಗುಳಿಗೆ ಅವಳ ಅಂಗೈಗೆ ಹಾಕುತ್ತಿದ್ದೆ, ಪಕ್ಕದಲ್ಲಿ ನೀರಿಟ್ಟು ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದೆ. ವ್ಯಾಯಾಮವನ್ನು ಅವಳು ಒಂದು ದಿನವೂ ತಪ್ಪಿಸಲಿಲ್ಲ. ಕುರ್ಚಿಯಿಂದ ಏಳುವುದು ಮೂರರಿಂದ ಎಂಟಕ್ಕೆ ಹೋಯಿತು. ಆದರೆ ತೊಡೆ ಸೋಲುತ್ತದೆ, ಮೈಕೈ ನೋವು ಎನ್ನುವುದು ನಿಲ್ಲಲಿಲ್ಲ. ಎರಡು ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆಯಾಯಿತು. ಡಾಕ್ಟರು ವರದಿ ನೋಡಿ ಹುಬ್ಬು ಗಂಟಿಕ್ಕಿದರು.

"ವಿಟಮಿನ್ ಡಿ ಏರೇ ಇಲ್ಲ. ಗುಳಿಗೆ ತಗೊಂಡ್ರಾ ಅಜ್ಜಿ?"

"ತಗೊಂಡಿದ್ದಾಳೆ. ನಾನೇ ಕೊಟ್ಟಿದ್ದೀನಿ, ಎಂಟು ವಾರ" ಎಂದೆ.

"ಇವಳು ಕೊಟ್ಟಿದ್ದು ದಿಟ" ಎಂದಳು ಅಕ್ಕ. ಚೀಲದಿಂದ ಕನ್ನಡಕದ ಡಬ್ಬಿ ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಎಂಟು ಗುಳಿಗೆಗಳೂ ಅದರಲ್ಲಿದ್ದವು. "ವಾಪಸ್ ತಗತೀರೇನೋ ಅಂತ ತಂದೆ. ಒಂದೂ ಮುಕ್ಕಾಗಿಲ್ಲ."

ನಾನು ಡಬ್ಬಿಯನ್ನು ಹತ್ತಿರಕ್ಕೆಳೆದು ಎಣಿಸಿದೆ.

"ಇದರ ಮ್ಯಾಗಿನ ಸಿಪ್ಪೆ ಪ್ರಾಣಿ ಮೂಳೆ ಬೇಯಿಸಿ ಮಾಡಿರಾದಂತೆ. ನಮ್ಮೂರ ಔಷಧಿ ಅಂಗಡಿಯವ್ರು ಇಂದಕ್ಕೆ ಒಂದ್ಸಲ ನಂಗೆ ಏಳಿದ್ರು. ನನ್ನ ಮೂಳೆ ಗಟ್ಟಿಯಾಗ್ಲಿ ಅಂತ ಇನ್ನೊಂದು ಜೀವದ ಮೂಳೆ ತಿನ್ನಾಕಾಯ್ತದಾ ತಾಯಿ?"

ಡಾಕ್ಟರು ಗುಳಿಗೆಯೊಂದನ್ನು ಎತ್ತಿ ನೋಡಿದರು. "ಇದೇ ಔಷಧಿ ಪುಡಿಯಾಗೂ ಬರುತ್ತೆ, ಹಾಲಿಗೆ ಹಾಕ್ಕೊಂಡು ಕುಡೀಬಹುದು. ಮೊದಲೇ ಹೇಳಬಾರದಿತ್ತಾ?"

"ಕೇಳ್ನಿಲ್ಲವಲ್ಲ" ಎಂದಳು ಅಕ್ಕ.

ಆಟೋದಲ್ಲಿ ನಾನು ತಡೆಯಲಾರದೆ ಕೇಳಿದೆ. "ಡಾಕ್ಟರಿಗೆ ಬೇಡ, ನನಗಾದರೂ ಹೇಳಬಹುದಿತ್ತಲ್ಲೇ?"

"ನೀನು ಸೀಟಿ ಊದೋಳು ಕಣೆ. ಸೀಟಿ ಊದೋರ ಮುಂದೆ ಸಾಲಲ್ಲಿ ನಿಂತ್ಕಬೇಕು ಅಷ್ಟೆ. ಮಾತು ಯಾರಾಡ್ತಾರೆ?"

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನ ಮುಂದೆ ಸಾಲಾಗಿ ನಿಂತ ಹುಡುಗಿಯರಲ್ಲಿ ಎಷ್ಟು ಮಂದಿ ಹೊಟ್ಟೆನೋವು ನುಂಗಿಕೊಂಡು ಓಡಿರಬಹುದು ಎಂದು ಆ ಆಟೋದಲ್ಲಿ ಮೊದಲ ಬಾರಿಗೆ ಯೋಚಿಸಿದೆ. ಮನೆಗೆ ಬಂದು ಕ್ಯಾಲೆಂಡರಿನ ಎಂಟು ಗೀಟುಗಳನ್ನು ಅಳಿಸಿದೆ. ಅಂದಿನಿಂದ ಪಟ್ಟಿಯ ಪ್ರತಿಯೊಂದು ಸಾಲನ್ನೂ ಅವಳನ್ನು ಕೇಳಿಯೇ ಬರೆದೆ. ಸಂಜೆಗಿದ್ದ ಕಾಳಿನ ಉಸಲಿ ಬೆಳಿಗ್ಗೆಗೆ ಹೋಯಿತು, ಹುಚ್ಚೆಳ್ಳಿನ ಚಟ್ನಿ ಬಂತು. ಪುಡಿ ಹಾಲಿಗೆ ಬಿತ್ತು.

ಬೇಸಿಗೆಯಲ್ಲಿ ಅವಳನ್ನು ಊರಿಗೆ ಕರೆದೊಯ್ದು, ನಾನೂ ಅಲ್ಲೇ ಉಳಿದೆ. ಬಾವಿಯ ರಾಟೆಗೆ ಎಣ್ಣೆ ಹಾಕಿಸಿ, ಬಗ್ಗುವ ಅಗತ್ಯವಿಲ್ಲದಂತೆ ಒಂದಡಿ ಎತ್ತರಿಸಿದೆವು. ಕಾಲು ಅಗಲಿಸಿ, ಬೆನ್ನು ನೇರವಿಟ್ಟು, ಒಂದು ಕೈಯ ಮೇಲೊಂದು ಕೈ ಹಾಕಿ ಹಗ್ಗ ಎಳೆಯಬೇಕು. ಮೊದಲ ವಾರ ಬರಿಯ ಹಗ್ಗ. ಆಮೇಲೆ ಖಾಲಿ ಕೊಡ. ಆಮೇಲೆ ಕಾಲು ಕೊಡ ನೀರು. ಸೊಸೆ ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಚಿಕ್ಕತ್ತೆ, ಇನ್ನೊಂದು ಕೈನೂ ಮುರ್ಕಂಡ್ರೆ ಎಲ್ಲಾರೂ ನನ್ನೇ ಅನ್ನೋದು."

"ನೀನು ಕೂರಿಸಿದ್ದಕ್ಕೇ ಒಂದು ಕೈ ಮುರೀತು" ಎನ್ನಲು ಬಾಯಿ ತೆರೆದೆ. ಅಕ್ಕ ನನ್ನ ಕಡೆ ನೋಡಿದಳು. ಬಾಯಿ ಮುಚ್ಚಿದೆ. ಅಕ್ಕನೇ ಸೊಸೆಗೆ ಹೇಳಿದಳು. "ಬಾರವ್ವ, ಪಕ್ಕದಲ್ಲಿ ನಿಂತ್ಕ. ಜಾರುದ್ರೆ ಇಡ್ಕೊ. ಅಗ್ಗ ಮಾತ್ರ ಮುಟ್ಬ್ಯಾಡ."

ಆಷಾಢ ಬಂತು. ಅಕ್ಕ ಅರ್ಧ ಕೊಡದಲ್ಲೇ ನಿಂತಿದ್ದಳು. ನನ್ನ ಗುರಿ ತುಂಬಿದ ಹಿತ್ತಾಳೆ ಕೊಡ, ಅವಳು ಹಿಂದೆ ಸೇದುತ್ತಿದ್ದದ್ದು. ಅದಾಗುವುದಿಲ್ಲ ಎಂದು ನನಗೆ ಗೊತ್ತಾಗಿತ್ತು, ಹೇಳಿರಲಿಲ್ಲ.

ಮಾತಾಜಿಯನ್ನು ಆಹಾರಕ್ಕೆ ಕರೆಯಲು ಬಾಗಿಲಲ್ಲಿ ನಿಲ್ಲುವ ದಿನ ಅವಳು ಬೆಳಿಗ್ಗೆ ಸ್ನಾನ ಮಾಡಿ, ಒಣಗಿದ ಶುದ್ಧ ಸೀರೆ ಉಟ್ಟು ಹಿತ್ತಿಲಿಗೆ ಬಂದಳು. ಹಿತ್ತಾಳೆ ಕೊಡವನ್ನು ಮುಟ್ಟಲೇ ಇಲ್ಲ. ದೇವರ ಮನೆಯ ಸಣ್ಣ ತಾಮ್ರದ ಬಿಂದಿಗೆಗೆ ಹಗ್ಗ ಕಟ್ಟಿದಳು. ಮೂರು ಚೊಂಬು ನೀರು ಹಿಡಿಯುವುದು.

"ಅದರಲ್ಲಿ ಎಷ್ಟು ಸಲ ಸೇದ್ತೀಯ?" ಎಂದೆ.

"ಎಷ್ಟು ಸಲ ಬೇಕೋ ಅಷ್ಟು ಸಲ. ಕೈಯಲ್ಲಿ ಸೇದಬೇಕು ಅಂತಷ್ಟೆ ಇರಾದು, ಎಷ್ಟು ದೊಡ್ಡ ಬಿಂದಿಗೇಲಿ ಅಂತ ಎಲ್ಲೂ ಇಲ್ಲ."

ನಾನಿನ್ನೂ ಸ್ನಾನ ಮಾಡಿರಲಿಲ್ಲ. ಅವಳನ್ನಾಗಲಿ ಹಗ್ಗವನ್ನಾಗಲಿ ಮುಟ್ಟುವಂತಿರಲಿಲ್ಲ. ಮಿಂದು ಬಂದಿದ್ದ ಸೊಸೆ ಅವಳ ಪಕ್ಕದಲ್ಲಿ, ನಾನು ಬೆನ್ನ ಹಿಂದೆ ಕೈಕಟ್ಟಿಕೊಂಡು ದೂರದಲ್ಲಿ. ಎಣಿಸುವುದೊಂದು ನನಗೆ ಉಳಿದ ಕೆಲಸ. ಏಳನೆಯದಕ್ಕೆ ನಿಂತು ಉಸಿರು ತೆಗೆದುಕೊಂಡಳು. ಹನ್ನೊಂದನೆಯದಕ್ಕೆ ಹಗ್ಗವನ್ನು ಎಡಗೈಯಲ್ಲಿ ಹಿಡಿದು, ಮುರಿದಿದ್ದ ಕೈಯನ್ನು ಕೊಡವಿ, ಮತ್ತೆ ಎಳೆದಳು. ಹದಿನಾಲ್ಕಕ್ಕೆ ಸಾಕೆಂದಳು. ನೀರು ಸೋಸಿ, ಸೋಸಿದ ಬಟ್ಟೆಯನ್ನು ಜಾಲಾಡಿಸಿ, ಅದರಲ್ಲಿರುವ ಸಣ್ಣ ಜೀವಗಳು ಸಾಯಬಾರದೆಂದು ಆ ನೀರನ್ನು ಅದೇ ಬಿಂದಿಗೆಯಲ್ಲಿ ಮೆಲ್ಲಗೆ ಬಾವಿಗೆ ಇಳಿಸಿದಳು. ಹಗ್ಗ ಮತ್ತೆ ಮೇಲೆ ಬಂತು. ಹದಿನೈದು.

ಹತ್ತು ಗಂಟೆಗೆ ಅತ್ತೆ ಸೊಸೆ ಬಾಗಿಲಲ್ಲಿ ಕಳಶ ಹಿಡಿದು ನಿಂತರು. ಮಾತಾಜಿ ಬೀದಿಯಲ್ಲಿ ಬಂದರು. ಇಂಥ ಗುರುತು ಕಂಡ ಮನೆಯಲ್ಲೇ ನಿಲ್ಲುತ್ತೇನೆಂದು ಅವರು ಮನಸ್ಸಿನಲ್ಲಿ ಸಂಕಲ್ಪಿಸಿ ಹೊರಡುತ್ತಾರೆ, ಅದೇನೆಂದು ಯಾರಿಗೂ ತಿಳಿಯುವುದಿಲ್ಲ. ಅಕ್ಕನ ಬಾಗಿಲ ಮುಂದೆ ನಡಿಗೆ ಸ್ವಲ್ಪ ನಿಧಾನವಾಯಿತು. ನಂತರ ಅವರು ಮೂರನೆಯ ಮನೆಗೆ ಹೋದರು.

ನಾನು ಅಕ್ಕನ ಮುಖ ನೋಡಲಾರದೆ ನೆಲ ನೋಡಿದೆ. ಅವಳು ಕಳಶವನ್ನು ಒಳಗಿಟ್ಟು ಬಂದು, ಅಡಿಗೆಮನೆಯ ನೆಲದ ಮೇಲೆ ಕೂತು ನಮಗೆಲ್ಲ ಬಡಿಸಿದಳು. ಊಟವಾದ ಮೇಲೆ ಕಾಲು ಮಡಿಸಿ, ಮುಂದಕ್ಕೆ ವಾಲಿ, ಕೈಯೂರದೆ ಎದ್ದಳು.

"ನಾಳೆ ಬೆಳಿಗ್ಗೆ ಐದಕ್ಕೆ ಎಬ್ಬಿಸ್ತೀಯಾ?" ಎಂದಳು ನನ್ನನ್ನು. "ಇನ್ನೂ ಮೂರೂವರೆ ತಿಂಗಳವೆ. ದಿನಾ ಸೇದಬೇಕು."