ಹುಲಗಪ್ಪ ಇಳಿಸಿದ ಡಿಶ್

ಘೋಡಬಂದರ್ ರಸ್ತೆಯ ಆ ವಸತಿ ಸೊಸೈಟಿಯಲ್ಲಿ ಡಿಶ್ ಕೂರಿಸಿದ್ದೂ ಹುಲಗಪ್ಪನೇ, ಟಿವಿ ಕಂಪನಿ ಸೇವೆ ನಿಲ್ಲಿಸಿದ ಮೇಲೆ ಇಳಿಸಲು ಬಂದವನೂ ಅವನೇ. ಲಿಂಗಸುಗೂರಿನಿಂದ ಬಂದು ವಾಗ್ಳೆ ಎಸ್ಟೇಟ್‌ನಲ್ಲಿ ಬಿಡಾರ ಹೂಡಿದ್ದ ಆತ ಹದಿನೈದು ವರ್ಷ ಕಿಟಕಿಗಳಾಚೆ ನೇತಾಡಿದವನು. ಗೋಡೆಗೆ ತಾನೇ ಕೊರೆದ ತೂತುಗಳಿಗೆ ಬಿಳಿ ಸಿಮೆಂಟ್ ಮೆತ್ತಿ, ಉದುರಿದ ಪುಡಿಯನ್ನು ತನ್ನ ಕರವಸ್ತ್ರದಿಂದಲೇ ಒರೆಸಿ ಹೋಗುತ್ತಿದ್ದ.

ಪ್ರಣೀತಾಳ ಮನೆಯಲ್ಲೂ ಹಾಗೇ ಒರೆಸಿ, ಟಿವಿಯ ಸೆಟ್‌ಟಾಪ್ ಡಬ್ಬಿಯನ್ನು ತೋರಿಸಿದ. "ಡಬ್ಬಿ ಇನ್ನ ಸತ್ತಂಗ್ರಿ ಅಕ್ಕಾರ. ಆದ್ರ ಒಗೀಬ್ಯಾಡ್ರಿ, ಕಂಪನಿಯವ್ರು ಕೇಳಬಹುದು" ಎಂದು ಹೇಳಿಯೇ ಹೋದ.

ಅಂದು ಮಧ್ಯಾಹ್ನ ಉಡುಪಿಯಿಂದ ಸಾವಿನ ಸುದ್ದಿ ಬಂತು. ಅತ್ತೆ ಹರಿಣಾಕ್ಷಿ ದೇವರ ಕಪಾಟಿನ ಬಾಗಿಲು ಹಾಕಿ, "ಸೂತಕ ಮುಗಿಯುವವರೆಗೆ ಇದನ್ನು ಮುಟ್ಟಬೇಡ" ಎಂದು ಊರಿಗೆ ಹೊರಟರು.

ಮೂರನೇ ದಿನ ಕಂಪನಿಯ ಮೆಸೇಜು: ಡಬ್ಬಿ ವಾಪಸು ಕೊಡಿ. ಪ್ರಣೀತಾ ಮಂಚದಡಿ, ಆಟಿಕೆಯ ಬುಟ್ಟಿ, ಅಕ್ಕಿಯ ಡ್ರಮ್ಮು ಎಲ್ಲ ತಡಕಿದಳು, ದೇವರ ಕಪಾಟೊಂದನ್ನು ಬಿಟ್ಟು. ಮನೆಯೊಳಗೆ ಬಂದ ಹೊರಗಿನವನು ಒಬ್ಬನೇ. ಮಗುವಿನ ತೊಟ್ಟಿಲ ಪಕ್ಕದಲ್ಲೇ ನಿಂತಿದ್ದನಲ್ಲ ಎಂದು ನೆನೆದಳು.

"ಅಮ್ಮನ ಹತ್ರ ಒಮ್ಮೆ ಕೇಳು ಮಾರಾಯ್ತಿ" ಎಂದ ಗಂಡ ಸಮಿತ್.

"ಸಾವಿನ ಮನೆಗೆ ಫೋನ್ ಮಾಡಿ ಟಿವಿ ಡಬ್ಬಿ ಕೇಳುವುದಾ? ನಿಮಗೆ ತಲೆ ಸಮ ಉಂಟಾ?"

ಬಾಗಿಲ ಕ್ಯಾಮೆರಾದಲ್ಲಿದ್ದ ಹುಲಗಪ್ಪನ ಫೋಟೋವನ್ನು ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಹಾಕಿ, ಇವನು ಬಂದು ಹೋದ ಮೇಲೆ ನಮ್ಮ ಡಬ್ಬಿ ಕಾಣುತ್ತಿಲ್ಲ, ಎಚ್ಚರ ಎಂದು ಬರೆದಳು. ಸಂಜೆಗೆ ಆ ಫೋಟೋ ವಾಚ್‌ಮನ್ನನ ಕೇಬಿನ್ನಿನ ಗಾಜಿಗೆ ಅಂಟಿತ್ತು. ಇನ್ನೂ ನಲವತ್ತು ಮನೆಗಳ ಡಿಶ್ ಇಳಿಸಬೇಕಿದ್ದ ಹುಲಗಪ್ಪ ಗೇಟಿನಿಂದಲೇ ಹಿಂದಿರುಗಿದ.

ಹದಿಮೂರನೇ ದಿನ ಅತ್ತೆ ಬಂದು, ಮಿಂದು, ಕಪಾಟು ತೆರೆದರು. ಪೀಠದ ಕೆಂಪು ಬಟ್ಟೆ ಸರಿಸಿದರೆ, ಗಣಪತಿಯ ಕೆಳಗೆ ಡಬ್ಬಿ.

"ಎಂತ ಹಾಗೆ ನೋಡ್ತಿ? ಬಿಸಾಡ್ಬೇಡಿ ಅಂತ ಅವನೇ ಹೇಳಿದ್ನಲ್ಲ. ದೇವರಿಗೂ ಎತ್ತರ ಆಯ್ತು, ಅದೂ ಜೋಪಾನ ಉಳೀತು."

ಪ್ರಣೀತಾಳ ಕಿವಿ ಬಿಸಿಯಾಯಿತು. ಸದ್ದಿಲ್ಲದೆ ಮೆಸೇಜು ಅಳಿಸಿಬಿಟ್ಟರೆ ಸಾಕು ಎಂದು ಮೊದಲು ಹೊಳೆಯಿತು. ಹಾಗೆ ಹೊಳೆದದ್ದಕ್ಕೇ ಇನ್ನಷ್ಟು ನಾಚಿಕೆಯಾಯಿತು. ಅಳಿಸುವ ಅವಧಿಯೂ ದಾಟಿತ್ತು. ಮಗುವನ್ನು ಸೊಂಟಕ್ಕೇರಿಸಿಕೊಂಡು ಕೆಳಗಿಳಿದು, ಗಾಜಿನ ಮೇಲಿನ ಫೋಟೋವನ್ನು ಉಗುರಿನಿಂದ ಕೆರೆದು ಕಿತ್ತಳು. ಅಲ್ಲಿಂದಲೇ ಫೋನು ಮಾಡಿದಳು.

"ಹುಲಗಪ್ಪನವರೇ, ಡಬ್ಬಿ ಮನೆಯಲ್ಲೇ ಇತ್ತು. ತಪ್ಪು ನಂದೇ."

ಆ ಕಡೆ ಡ್ರಿಲ್ಲಿನ ಸದ್ದು ನಿಂತಿತು.

"ಸಿಕ್ತಲ್ರಿ, ಛಲೋ ಆತು" ಎಂದ. "ನನಗ ಹೇಳಿದ್ರ ಏನಾತ್ರಿ ಅಕ್ಕಾರ? ನಾ ಕದ್ದಿಲ್ಲಂತ ನನಗ ಗೊತ್ತೇ ಐತಿ. ಸೊಸೈಟಿ ಮಂದಿಗ ಹೇಳ್ರಿ."

ತನ್ನ ಹೆಸರು, ಫ್ಲ್ಯಾಟ್ ನಂಬರು ಸಹಿತ ತಪ್ಪೊಪ್ಪಿ ಗ್ರೂಪಿನಲ್ಲಿ ಬರೆದಳು. ಅಂದು ಎಚ್ಚರಿಕೆಗೆ ಅರವತ್ತು ಜನ ಉತ್ತರಿಸಿದ್ದರು. ಇದಕ್ಕೆ ಬಂದದ್ದು ಎರಡೇ ಹೆಬ್ಬೆರಳು.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಕಾದು ನಿಂತು, ಹುಲಗಪ್ಪನನ್ನು ತಾನೇ ಮನೆಮನೆಗೆ ಕರೆದೊಯ್ದಳು. ಪ್ರತಿ ಬಾಗಿಲಲ್ಲೂ ಅದೇ ಮಾತು ಮೊದಲಿಂದ ಹೇಳಬೇಕು. ಏಳನೇ ಬಾಗಿಲು ಮುಗಿದಾಗ ಅವನೇ, "ಸಾಕ್ರಿ, ಕೂಸು ಅಳಾಕತ್ತೇತಿ" ಎಂದ.

ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಎಂಟನೇ ಮನೆಯ ಬೆಲ್ ಒತ್ತಿದಳು.