ಕಳಚಿದ ಹೋಸು, ಹೇಳದೆ ಉಳಿದ ಮಾತು

೧೯೯೩ರಲ್ಲಿ ನಾನು ಆಳಂದದಲ್ಲಿ ಸ್ವಂತ ಗ್ಯಾರೇಜ್ ನಡೆಸುತ್ತಿದ್ದೆ. ಅದಕ್ಕೂ ಮೊದಲು ಹದಿನಾಲ್ಕು ವರ್ಷ ಅಫಜಲಪುರದಲ್ಲಿ, ಭೀಮಾ ದಂಡೆಯ ಡೀಸೆಲ್ ಪಂಪ್‌ಸೆಟ್ಟುಗಳ ರಿಪೇರಿ ಮಾಡಿದವನು. ಹೊಳೆಯಿಂದ ಹೊಲಕ್ಕೆ ನೀರೆತ್ತುವ ಎಂಜಿನ್ ಯಾವುದೇ ಇರಲಿ, ಸದ್ದು ಕೇಳಿಯೇ ಅದರ ಬೇನೆ ಹೇಳುತ್ತಿದ್ದೆ. ಜಂಬ ಅಂದರೆ ಜಂಬವೇ. ಆ ಜಂಬ ಏನು ಮಾಡಿತು ಎಂದು ಹೇಳುವುದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ.

ಆ ವರ್ಷ ಫೆಬ್ರವರಿಯಲ್ಲಿ ಖಜೂರಿಯ ಚನ್ನಬಸಪ್ಪ ಸಾಹುಕಾರರು ಮುಂಬೈಯಿಂದ ಒಂದು ಹಳೆಯ ಜಪಾನಿ ಡೀಸೆಲ್ ಕಾರು ತಂದರು. ಟರ್ಬೊ ಕಾರು. ನಮ್ಮ ಕಡೆ ಆಗ ಆ ಹೆಸರು ಕೇಳಿದವರೇ ಕಡಿಮೆ. ಎಂಜಿನ್ನು ಹೊರಗೆ ಬಿಡುವ ಹೊಗೆಯ ರಭಸದಿಂದಲೇ ಒಂದು ಪುಟ್ಟ ಫ್ಯಾನ್ ತಿರುಗುತ್ತದೆ. ಆ ಫ್ಯಾನ್ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುತ್ತದೆ. ಅದೇ ಟರ್ಬೊ. ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿ ತೆಳುವಾಗುತ್ತದೆ. ಅದನ್ನು ತಂಪು ಮಾಡಲು ನಡುವೆ ರೇಡಿಯೇಟರಿನಂಥ ಒಂದು ಇಂಟರ್‌ಕೂಲರ್ ಇರುತ್ತದೆ. ಟರ್ಬೊದಿಂದ ಇಂಟರ್‌ಕೂಲರಿಗೆ ಒಂದು ಪೈಪು, ಅಲ್ಲಿಂದ ಎಂಜಿನ್ನಿಗೆ ಇನ್ನೊಂದು. ಸಾಹುಕಾರರ ಕಾರಿನಲ್ಲಿ ಆ ಎರಡೂ ಪೈಪುಗಳು ತುಕ್ಕು ಹಿಡಿದು ತೂತು ಬಿದ್ದಿದ್ದವು. ಹೊಸದನ್ನು ನಾನೇ ಮಾಡಿಕೊಡಬೇಕಿತ್ತು.

ಮೊದಲ ವಾದ ಅಳತೆಯ ಮೇಲೆ ಹತ್ತಿತು.

“ಮಿಸ್ತ್ರಿ, ಮೂರ ಇಂಚಿಂದು ಹಾಕ್ರಿ. ಪೈಪ ದೊಡ್ಡದಿದ್ರ ಗಾಳಿ ಜಾಸ್ತಿ ಬರ್ತದ, ಹೌದಿಲ್ರಿ?” ಎಂದರು ಸಾಹುಕಾರರು.

“ಇದು ಬಾವಿ ಅಲ್ರಿ ಸಾವ್ಕಾರ್ರ. ದೊಡ್ಡ ಹಂಡೇದಾಗ ಒಂದ ತಂಬಗಿ ನೀರ ಹಾಕಿದ್ರ ತಳಾನೂ ಮುಚ್ಚೂದಿಲ್ಲ.”

ಪೈಪು ಅತಿ ದಪ್ಪವಾದರೆ ಗಾಳಿ ಮೊದಲು ಪೈಪನ್ನು ತುಂಬಿ ಆಮೇಲೆ ಎಂಜಿನ್ನಿಗೆ ಹೋಗಬೇಕು. ನೀವು ಪೆಡಲ್ ಒತ್ತಿದರೆ ಕಾರು ಸ್ವಲ್ಪ ಹೊತ್ತು ವಿಚಾರ ಮಾಡುತ್ತಾ ನಿಲ್ಲುತ್ತದೆ. ಅತಿ ಸಣ್ಣದಾದರೆ ಗಾಳಿಗೆ ಉಸಿರು ಕಟ್ಟುತ್ತದೆ. ಟರ್ಬೊದ ಬಾಯಿ ಎರಡು ಇಂಚು, ಇಂಟರ್‌ಕೂಲರಿನ ಬಾಯಿಯೂ ಎರಡು ಇಂಚು, ಆದ್ದರಿಂದ ಪೈಪೂ ಎರಡೇ ಇಂಚು ಎಂದು ಹಟ ಹಿಡಿದೆ. ಅಂಗಡಿಯ ಮುಂದೆ ನಾಲ್ಕು ಜನ ಕೂಡಿದ್ದರು. ಸಾಹುಕಾರರು ನಕ್ಕು ಒಪ್ಪಿದರು. ನಾನು ಗೆದ್ದೆ.

ಇನ್ನು ಲೋಹ. ಬಾವಿಗೆ ಇಳಿಸುವ ಜಿಐ ಪೈಪು ಕೈಯಳತೆಯಲ್ಲೇ ಇತ್ತು. ಆದರೆ ಅದು ಭಾರ, ಮೇಲಾಗಿ ಒಳಗಿನ ಸತುವಿನ ಲೇಪ ಬಿಸಿಗೆ ಎದ್ದು ಎಂಜಿನ್ನಿಗೆ ಹೋಗಬಹುದು. ಪಿವಿಸಿ ಹಾಕು ಎಂದವನೊಬ್ಬನಿದ್ದ. ಟರ್ಬೊ ಬಿಡುವ ಗಾಳಿ ಕುದಿಯುವ ನೀರಿಗಿಂತ ಬಿಸಿ, ಪಿವಿಸಿ ಹಪ್ಪಳದಂತೆ ಮಡಚೀತು ಎಂದು ಅವನ ಬಾಯಿ ಮುಚ್ಚಿಸಿದೆ. ಕೊನೆಗೆ ಹೊಲಕ್ಕೆ ನೀರು ಚಿಮುಕಿಸುವ ಸ್ಪ್ರಿಂಕ್ಲರಿನ ಅಲ್ಯೂಮಿನಿಯಂ ಪೈಪು ಆರಿಸಿದೆ. ಹಗುರ, ತುಕ್ಕಿಲ್ಲ, ಒಳಗೆ ನುಣುಪು. ಮರಳು ತುಂಬಿ ಸಣ್ಣಗೆ ಕಾಯಿಸಿ ಬಾಗಿಸಿದೆ, ಮೂರು ಸಲ ತೊಳೆದೆ. ಜೋಡಣೆಗೆ ಸೊಲ್ಲಾಪುರದಿಂದ ದಪ್ಪ ರಬ್ಬರ್ ಹೋಸ್ ತರಿಸಿದೆ.

ಹಳೆಯ ಪೈಪಿನ ತುದಿಯಲ್ಲಿ ಸುತ್ತಲೂ ಒಂದು ಸಣ್ಣ ಉಬ್ಬು ಇತ್ತು, ಬಳೆ ತೊಡಿಸಿದ ಹಾಗೆ. ಅದನ್ನು ನೋಡಿದೆ, ಬೆರಳಾಡಿಸಿಯೂ ನೋಡಿದೆ. ಫ್ಯಾಕ್ಟರಿಯವರ ಶೋಕಿ ಎಂದುಕೊಂಡು ನನ್ನ ಪೈಪಿಗೆ ಅದನ್ನು ಎಬ್ಬಿಸದೆ ಬಿಟ್ಟೆ. ನಮ್ಮ ಪಂಪಿನ ಹೀರು ಪೈಪಿಗೆ ಅಂಥ ಉಬ್ಬು ಬೇಕಾಗುವುದಿಲ್ಲ. ಪಂಪು ನೀರನ್ನು ಹೀರುವಾಗ ಹೋಸು ತಾನಾಗಿಯೇ ಪೈಪಿನ ಮೇಲೆ ಎಳೆದುಕೊಂಡು ಕೂರುತ್ತದೆ, ಮೇಲೊಂದು ಕ್ಲಾಂಪು ಬಿಗಿದರೆ ಮುಗಿಯಿತು. ಆದರೆ ಟರ್ಬೊ ಹೀರುವುದಿಲ್ಲ, ದೂಡುತ್ತದೆ. ಗಾಳಿಯ ಜೊತೆ ಬರುವ ಎಣ್ಣೆಯ ಪಸೆಗೆ ನುಣುಪು ಪೈಪಿನ ಮೇಲೆ ಹೋಸು ಜಾರುತ್ತದೆ. ಅದನ್ನು ತಡೆಯುವುದೇ ಆ ಉಬ್ಬು. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲಿಲ್ಲ. ಹುಟ್ಟು ಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಕೈಗೆ ಹತ್ತಿದ ರೂಢಿಯೂ ಹಾಗೇ.

ಪೈಪು ಕೂರಿಸಿದ ಮರುದಿನ ಬೆಳಿಗ್ಗೆ ಒಬ್ಬನೇ ನರೋಣಾ ರಸ್ತೆಯಲ್ಲಿ ಟ್ರಯಲ್‌ಗೆ ಹೋದೆ. ಒಂದು ಏರಿನಲ್ಲಿ ಪೆಡಲ್ ಪೂರ್ತಿ ಒತ್ತಿದೆ. ಧಡ್ ಎಂದಿತು. ಹಿಂದೆಲ್ಲ ಕಪ್ಪು ಹೊಗೆ, ಎಳೆತ ಸತ್ತುಹೋಯಿತು. ಇಳಿದು ನೋಡಿದರೆ ಹೋಸು ಕಳಚಿತ್ತು. ಆದರೂ ಎಂಜಿನ್ ನಡೆಯುತ್ತಲೇ ಇತ್ತು. ಟರ್ಬೊದ ಗಾಳಿ ಸಿಗದಿದ್ದರೂ ಅದು ತನ್ನ ಉಸಿರು ತಾನು ಎಳೆದುಕೊಳ್ಳುತ್ತದೆ. ಎರಡನೇ ಗೇರಿನಲ್ಲಿ, ಹೊಗೆ ಕಾರಿಕೊಂಡೇ ನಾಲ್ಕು ಕಿಲೋಮೀಟರ್ ಗ್ಯಾರೇಜಿನವರೆಗೆ ತಂದೆ. ಹೋಸು ಒತ್ತಿ ಏರಿಸಿ, ಒಂದಿದ್ದ ಕಡೆ ಎರಡು ಕ್ಲಾಂಪು ಹಾಕಿ ಮೈಬಲವೆಲ್ಲ ಬಿಟ್ಟು ಬಿಗಿದೆ.

ಹನ್ನೊಂದಕ್ಕೆ ಸಾಹುಕಾರರು ಡ್ರೈವರ್ ಲಕ್ಕಪ್ಪನ ಜೊತೆ ಬಂದರು. ಲಕ್ಕಪ್ಪ ಮೊದಲು ಅವರ ಹೊಲದಲ್ಲಿ ಪಂಪ್‌ಸೆಟ್ ನೋಡಿಕೊಂಡಿದ್ದವನು, ಆಮೇಲೆ ಸ್ಟೇರಿಂಗ್ ಹಿಡಿದವನು.

“ಟ್ರಯಲ್ ಹೆಂಗಾತ್ರಿ?” ಎಂದು ಲಕ್ಕಪ್ಪ ಕೇಳಿದ.

“ಬೆಣ್ಣಿ ಹಂಗ ಓಡ್ತದ,” ಎಂದೆ.

ನಾಲ್ಕು ಜನರ ಎದುರು ವಾದ ಗೆದ್ದವನು ನಾನು. ಮೊದಲ ಏರಿಗೇ ಹೋಸು ಹಾರಿತು ಎಂದು ಹೇಳಲು ನಾಚಿಕೆಯಾಯಿತು. ಕಳಚಿದರೆ ಏನು ಮಾಡಬೇಕು ಎಂದು ಹೇಳಬೇಕಾದರೆ ಕಳಚಿತ್ತು ಎಂದೂ ಹೇಳಬೇಕಾಗುತ್ತಿತ್ತು. ಎರಡನ್ನೂ ಹೇಳಲಿಲ್ಲ.

ಏಪ್ರಿಲ್‌ನಲ್ಲಿ ಸಾಹುಕಾರರ ಮಗಳು ಮಹಾದೇವಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಒಂದು ಮಧ್ಯಾಹ್ನ ನೋವು ಶುರುವಾಯಿತು. ಕೂಸು ಅಡ್ಡ ಕುಳಿತಿದೆ, ಕೂಡಲೇ ದವಾಖಾನೆಗೆ ಒಯ್ಯಿರಿ ಎಂದಳು ಸೂಲಗಿತ್ತಿ. ಲಕ್ಕಪ್ಪ ಕಾರು ತೆಗೆದ. ಹಿಂದಿನ ಸೀಟಿನಲ್ಲಿ ಮಹಾದೇವಿ ಮತ್ತು ಅವಳ ತಾಯಿ, ಮುಂದೆ ಸಾಹುಕಾರರು. ಆಳಂದಕ್ಕೆ ಇನ್ನು ಎಂಟು ಕಿಲೋಮೀಟರ್ ಇರುವಾಗ ಒಂದು ಏರು ಬಂತು. ಅವಸರದಲ್ಲಿ ಲಕ್ಕಪ್ಪ ಪೆಡಲ್ ಒತ್ತಿದ. ಧಡ್ ಎಂದಿತು, ಕಪ್ಪು ಹೊಗೆ ಎದ್ದಿತು. ಅವನು ತಕ್ಷಣ ಎಂಜಿನ್ ಬಂದ್ ಮಾಡಿದ.

ಪಂಪ್‌ಸೆಟ್ಟಿನವರ ಮೊದಲ ಪಾಠವೇ ಅದು. ಪೈಪು ಕಳಚಿದರೆ ಬೇರೇನೂ ನೋಡಬೇಡ, ಮೊದಲು ಎಂಜಿನ್ ನಿಲ್ಲಿಸು. ಇಲ್ಲದಿದ್ದರೆ ಪಂಪು ನೀರಿಲ್ಲದೆ ತಿರುಗಿ ಸುಟ್ಟುಹೋಗುತ್ತದೆ. ಆ ಪಾಠವನ್ನು ಅಫಜಲಪುರದಲ್ಲಿ ನಾನೇ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೆನೋ. ಕಾರಿನ ಎಂಜಿನ್ನೂ ಹಾಗೇ ಸುಡುತ್ತದೆ ಎಂದುಕೊಂಡು ಲಕ್ಕಪ್ಪ ಮತ್ತೆ ಚಾವಿ ತಿರುಗಿಸಲಿಲ್ಲ. ಆ ಬಿಸಿಲಲ್ಲಿ ಅವರು ಒಂದು ತಾಸು ಹತ್ತು ನಿಮಿಷ ನಿಂತರು. ಕೊನೆಗೆ ಉಮರ್ಗಾ ಕಡೆಯಿಂದ ಬಂದ ಲಾರಿಯೊಂದು ಅವರನ್ನು ಹತ್ತಿಸಿಕೊಂಡಿತು.

ಮಹಾದೇವಿ ಉಳಿದಳು. ಕೂಸು ಉಳಿಯಲಿಲ್ಲ. ಹೆಣ್ಣು ಕೂಸು. “ಒಂದ ತಾಸ ಮೊದಲ ತಂದಿದ್ರ ಉಳೀತಿತ್ತು,” ಎಂದರಂತೆ ಡಾಕ್ಟರು.

ಮರುದಿನ ಟ್ರ್ಯಾಕ್ಟರಿಗೆ ಕಟ್ಟಿ ಕಾರನ್ನು ನನ್ನ ಗ್ಯಾರೇಜಿಗೆ ಎಳೆದು ತಂದರು. ಲಕ್ಕಪ್ಪನ ಕಣ್ಣು ಬಾತಿದ್ದವು.

“ಇಂಜಿನ್ ಸುಡಗೊಡಲಿಲ್ರಿ ಮಿಸ್ತ್ರಿ. ಸಪ್ಪಳ ಕೇಳಿದ್ದ ತಡ ಬಂದ್ ಮಾಡ್ದೆ. ಅಷ್ಟಾದ್ರೂ ಉಳಸ್ದೆ.”

“ಛಲೋ ಮಾಡಿದಿ,” ಎಂದೆ. ಅವತ್ತು ನನ್ನ ನಾಲಿಗೆ ಯಾಕೆ ಸೀಳಿಹೋಗಲಿಲ್ಲವೋ.

ಪೈಪಿನ ತುದಿಗೆ ಉಬ್ಬು ಎಬ್ಬಿಸಿ ಕೊಟ್ಟೆ. ಆಮೇಲೆ ಆ ಹೋಸು ಎಂದೂ ಕಳಚಲಿಲ್ಲ. ಆದರೆ ಎಂಟು ಕಿಲೋಮೀಟರ್, ಎರಡನೇ ಗೇರು, ಹೆಚ್ಚೆಂದರೆ ಇಪ್ಪತ್ತೈದು ನಿಮಿಷ ಎಂಬುದು ತಲೆ ಬಿಟ್ಟು ಹೋಗಲಿಲ್ಲ. ಊಟಕ್ಕೆ ಕುಳಿತಾಗ ಅದೇ, ಸ್ಪ್ಯಾನರ್ ಹಿಡಿದಾಗ ಅದೇ. ರಸ್ತೆಯಲ್ಲಿ ಯಾರದಾದರೂ ಟೈರು ಒಡೆದರೆ ಇವತ್ತಿಗೂ ಎದ್ದು ನಿಲ್ಲುತ್ತೇನೆ. ಮನೆಯಾಕೆ ಏನಾಯಿತು ಎಂದು ಕೇಳುವುದನ್ನೂ ಬಿಟ್ಟಿದ್ದಾಳೆ.

ಅಂದಿನಿಂದ ಟರ್ಬೊ ಗಾಡಿ ಯಾವುದೇ ಬಂದರೂ ಅದರ ಡ್ರೈವರನ್ನು ಎದುರು ನಿಲ್ಲಿಸಿಕೊಂಡು ಒಂದು ಮಾತು ಹೇಳುವುದು ರೂಢಿಯಾಯಿತು. ೧೯೯೯ರಲ್ಲಿ ಒಂದು ದಿನ ಹಾಗೆಯೇ ಒಬ್ಬ ಲಾರಿ ಡ್ರೈವರನಿಗೆ ಹೇಳುತ್ತಿದ್ದೆ: “ಹೋಸ್ ಕಳಚಿದ್ರ ಹೆದರಬ್ಯಾಡ. ಬಂದ್ ಮಾಡಬ್ಯಾಡ. ಎರಡನೇ ಗೇರಿನಾಗ ಸಾವಕಾಶ ಹೋಗು, ಊರು ಮುಟ್ಟಸ್ತದ.”

ಲಾರಿ ಹೊರಟು ಹೋಯಿತು. ಹಿಂದೆ ತಿರುಗಿದರೆ ಬೇವಿನ ನೆರಳಲ್ಲಿ ಮಹಾದೇವಿ ನಿಂತಿದ್ದಳು. ಗಂಡನ ಜೀಪು ರಿಪೇರಿಗೆ ಬಂದಿತ್ತು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಕಾಕಾ, ಆವತ್ತ ನಮ್ಮ ಗಾಡೀನೂ ಹಂಗ ನಡೀತಿತ್ತೇನ್ರಿ?”

ಸುಳ್ಳು ಹೇಳಬಹುದಿತ್ತು. ಆ ಗಾಡಿ ಬೇರೆ, ಈ ಗಾಡಿ ಬೇರೆ ಎಂದರೆ ನಂಬುತ್ತಿದ್ದಳು. ಆರು ವರ್ಷ ಬಾಯಿ ಮುಚ್ಚಿಕೊಂಡು ಸಾಕಾಗಿತ್ತು.

“ನಡೀತಿತ್ತವ್ವಾ.”

“ನಿಮಗ ಮೊದಲಽ ಗೊತ್ತಿತ್ತೇನು?”

“ಗೊತ್ತಿತ್ತು. ಟ್ರಯಲ್‌ದಾಗ ಒಮ್ಮಿ ಕಳಚಿತ್ತು. ನಾಚಿಕಿ ಬಂದು ಹೇಳಲಿಲ್ಲ.”

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ರಸ್ತೆಯ ಕಡೆ ತಿರುಗಿದಳು.

“ಲಕ್ಕಪ್ಪ ಮಾಮಾಗ ಹೇಳಬ್ಯಾಡ್ರಿ,” ಎಂದಳು. “ಅಂವಾ ಇಂಜಿನ್ ಉಳಸೀನಿ ಅಂತ ತಿಳಕೊಂಡಾನ. ತನ್ನ ಕೈಲೇ ಬಂದ್ ಮಾಡ್ಯಾನ, ಕೇಳಿದ್ರ ತಡಕೊಳ್ಳೂದಿಲ್ಲ. ಗೊತ್ತಿದ್ದಾವರು ನೀವು. ನೀವಽ ಹೊರ್ರಿ.”

ಹೊತ್ತೆ. ನಾನು ಕೆಲಸ ಬಿಟ್ಟು ಜೇವರ್ಗಿಗೆ ಬಂದು ನೆಲೆಸಿದ ಮೇಲೂ ಲಕ್ಕಪ್ಪ ನನ್ನನ್ನು ಬಿಡಲಿಲ್ಲ. ಪ್ರತಿ ಎಳ್ಳ ಅಮಾವಾಸ್ಯೆಗೆ ಬಸ್ಸು ಹತ್ತಿ ಬುತ್ತಿ ಕಟ್ಟಿಕೊಂಡು ಬರುತ್ತಿದ್ದ, ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಬಜ್ಜಿ, ಸಜ್ಜೆ ರೊಟ್ಟಿ. ಬಂದಾಗಲೆಲ್ಲ ಆ ದಿನದ ಮಾತು ತೆಗೆಯುತ್ತಿದ್ದ. ಹೋದ ವರ್ಷ ಅವನು ತೀರಿಕೊಂಡ. ಮಹಾದೇವಿಗೆ ಫೋನು ಮಾಡಿ, ಇನ್ನು ಬರೆಯಲೇ ಎಂದು ಕೇಳಿದೆ. “ಬರೀರಿ ಕಾಕಾ,” ಎಂದಳು.

ಪೈಪು ಎಷ್ಟು ಇಂಚು, ಯಾವ ಲೋಹ ಎಂದು ಕೇಳಿಕೊಂಡು ಹುಡುಗರು ಈಗಲೂ ನನ್ನ ಬಳಿ ಬರುತ್ತಾರೆ. ಹೇಳುತ್ತೇನೆ. ಅಳತೆಯನ್ನೂ ಲೋಹವನ್ನೂ ನಾನು ಸರಿಯಾಗಿಯೇ ಆರಿಸಿದ್ದೆ. ನನ್ನ ಕಸುಬು ಕಲಿಸಿದ್ದು ಅದಕ್ಕಿಂತ ಮುಂದಿನದು. ಗಾಡಿ ಮರಳಿ ಕೊಡುವಾಗ ಏನು ಸರಿ ಮಾಡಿದೆ ಎನ್ನುವುದರ ಜೊತೆಗೆ ಏನು ಕೆಡಬಹುದು, ಕೆಟ್ಟರೆ ಏನು ಮಾಡಬೇಕು ಎಂಬುದನ್ನೂ ಹೇಳಿ ಕೊಡಬೇಕು, ಮರ್ಯಾದೆ ಹೋದರೂ ಹೇಳಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಬಿಟ್ಟ ಮಾತಿನ ಮೇಲೆ ನಮ್ಮ ಹಿರಿಯರು ಯಾಕೆ ಗಾದೆ ಕಟ್ಟಲಿಲ್ಲವೋ ಗೊತ್ತಿಲ್ಲ.

ಕೊನೆಯ ಸಲ ಬಂದಾಗ ಲಕ್ಕಪ್ಪ ತಾನೇ ಬುತ್ತಿ ಬಿಚ್ಚಿದ. ನನ್ನ ತಾಟಿಗೆ ಬಜ್ಜಿ ಬಡಿಸುತ್ತಾ ಹೇಳಿದ: “ಕೂಸಿನ್ನ ಉಳಸಲಾಕ ಆಗಲಿಲ್ರಿ ಮಿಸ್ತ್ರಿ. ಇಂಜಿನ್ ಆದ್ರೂ ಉಳಸ್ದೆ.”

“ಹೌದಪ್ಪ, ಉಳಿಸಿದಿ,” ಎಂದೆ. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೆ.