ಬರ್ನಡೈನ್ ಹಂಡೆ, ಶುಕ್ರವಾರದ ಸೀಗಡಿ

ಸರೋವರದ ಮಂಜು ಅಮೆರಿಕದ ಈರಿ ಪಟ್ಟಣದ ಬೀದಿದೀಪಗಳನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಹೆದ್ದಾರಿ ಪಕ್ಕದ ಇಟಾಲಿಯನ್ ಹೋಟೆಲಿನ ಹಿಂಬಾಗಿಲು ತೆರೆದು, ಬರ್ನಡೈನ್ ಪಾವ್ಲಾಕ್ ದೊಡ್ಡ ಹಂಡೆಯಡಿ ಉರಿ ಹಚ್ಚುತ್ತಾರೆ. ಬೆಣ್ಣೆ ಕರಗುತ್ತದೆ, ಕೆನೆ ಬೀಳುತ್ತದೆ, ಚೀಸ್ ಎಳೆಎಳೆಯಾಗಿ ಮುಳುಗುತ್ತದೆ. ಒಳಗಿನ ಆವಿ ಯಾವುದು, ಹೊರಗಿನ ಮಂಜು ಯಾವುದು ತಿಳಿಯದ ಆ ಬಿಳುಪಿನಲ್ಲಿ ಸೌಟಾಡಿಸುತ್ತ ನಿಂತರೆ, ಅಪ್ಪನ ಮೀನುದೋಣಿ ಎಲ್ಲೋ ಹತ್ತಿರದಲ್ಲೇ ತೇಲುತ್ತಿದೆ ಅನಿಸುತ್ತದಂತೆ ಅವರಿಗೆ.

ಇಂದು ಈಸ್ಟರ್‌ಗೆ ಮುಂಚಿನ ಉಪವಾಸದ ಶುಕ್ರವಾರ; ಕ್ರೈಸ್ತರು ಮಾಂಸ ಮುಟ್ಟುವಂತಿಲ್ಲ, ಮೀನು ಸೀಗಡಿ ನಡೆಯುತ್ತದೆ. ಮಾಂಸ ಬಿಟ್ಟೆವೆಂದು ಎದೆಯುಬ್ಬಿಸಿ ಬರುವವರಿಗೆಲ್ಲ ಕೆನೆಯಲ್ಲಿ ಮುಳುಗಿದ ಸೀಗಡಿ ಪಾಸ್ತಾನೇ ಬೇಕು. ಮೆನುವಿನಲ್ಲಿ ಅದರ ಪಕ್ಕ ಅಚ್ಚಾದ ಕ್ಯಾಲೊರಿ, ಅವರು ಬಿಟ್ಟ ದನದ ಮಾಂಸದ ತಟ್ಟೆಗಿಂತ ಜಾಸ್ತಿ. ಓದುವವರಾದರೂ ಯಾರು, ಬಿಡಿ!

"ಸೀಗಡಿ, ಪಾಪ, ಹಗುರದ್ದು. ಒಳ್ಳೇ ಪ್ರೋಟೀನು, ಕೊಬ್ಬು ಹೆಸರಿಗಷ್ಟೇ. ಅದನ್ನ ಭಾರ ಮಾಡೋದು ನನ್ನ ಹಂಡೆ," ಎಂದು ಬರ್ನಡೈನ್ ನಗುತ್ತಾರೆ.

ಪ್ಲಾಸ್ಟಿಕ್ ಕಾರ್ಖಾನೆ ಮುಚ್ಚಿದ ಮೇಲೆ ಈ ಒಲೆಗೆ ಬಂದವರು. ಕೈತುಂಬ ಸುಟ್ಟ ಕಲೆಗಳು, ಮಂಡಿ ಸವೆದಿದೆ. ಅವರ ಸಾಸ್ ತಿಂದು ಬೆರಳು ಚೀಪುವವರು ಅವರ ಮುಖ ಕಂಡಿಲ್ಲ. ಅದಕ್ಕೆಲ್ಲ ಬೇಸರವಿಲ್ಲ. ಭಯ ಒಂದೇ, ಒಡಹುಟ್ಟಿದ ತಮ್ಮ ಕ್ಯಾಸ್‌ನದು.

ಚಳಿಗಾಲದಲ್ಲಿ ಕ್ಯಾಸ್‌ನ ಎದೆ ಕೊಯ್ದು ಹೊಲಿದಿದ್ದಾರೆ. ಬೆಣ್ಣೆ, ಉಪ್ಪು ಮಿತಿ ಮೀರಿದರೆ ಮತ್ತೆ ಆಸ್ಪತ್ರೆಯೇ ಎಂದಿದ್ದಾರೆ ಡಾಕ್ಟರು. ಆದರೂ ಶುಕ್ರವಾರ ಬಂತೆಂದರೆ ಹಾಜರ್. "ಸೀಗಡಿ ತಾನೇ ಕಣೆ, ಉಪವಾಸದ್ದು. ಏನಾಗುತ್ತೆ?" ಎನ್ನುತ್ತಾನೆ. ರೋಗಿಯ ಊಟ ಎಂದರೆ ಎದ್ದೇ ಹೋಗುವ ಆಸಾಮಿ. ಅದಕ್ಕೇ ಇಂದು ಮ್ಯಾನೇಜರಿಗಷ್ಟೇ ಹೇಳಿ, ಅವನೊಬ್ಬನ ತಟ್ಟೆಯನ್ನು ಬರ್ನಡೈನ್ ಬೇರೆಯೇ ಮಾಡುತ್ತಾರೆ. ಪಾಸ್ತಾ ಬೇಯಿಸಿದ ನೀರು, ಬೆಳ್ಳುಳ್ಳಿ, ನಿಂಬೆ, ಒಂದಿಷ್ಟು ಆಲಿವ್ ಎಣ್ಣೆ. ಆ ಗಂಜಿನೀರೇ ಕೆನೆಯಂತೆ ಬೆಳ್ಳಗಾಗುವವರೆಗೂ ಕೈ ನಿಲ್ಲಿಸುವುದಿಲ್ಲ.

ಮಧ್ಯಾಹ್ನ ತಟ್ಟೆ ಕ್ಯಾಸ್‌ನ ಮೇಜಿಗೆ ಹೋಗುತ್ತದೆ. ಬರ್ನಡೈನ್ ಅಡುಗೆಮನೆಯ ಕಿಂಡಿಗೆ ಕಣ್ಣಿಟ್ಟು ನಿಲ್ಲುತ್ತಾರೆ. ಕ್ಯಾಸ್ ಒಂದು ತುತ್ತು ತಿಂದು ಮುಖ ಹಿಂಡುತ್ತಾನೆ. ಕೈ ಉಪ್ಪಿನ ಡಬ್ಬಿಗೆ ಹೋಗುತ್ತದೆ.

"ಬರ್ನೀ! ಏನೇ ಇದು? ಕೆನೆ ಎಲ್ಲಿ ಹೋಯ್ತು? ಊರಲ್ಲಿ ಉಪ್ಪು ಖಾಲಿ ಆಯ್ತಾ?"

"ವಯಸ್ಸಾಯ್ತು ಕಣೋ, ಕೈ ಹದ ತಪ್ಪುತ್ತೆ. ಬಾಯಿ ಮುಚ್ಕೊಂಡು ತಿನ್ನು!"

ಕ್ಯಾಸ್ ಕಿಂಡಿಯಲ್ಲಿ ಕಾಣುವ ಅಕ್ಕನ ಮುಖ ನೋಡುತ್ತಾನೆ. ಆಮೇಲೆ ಉಪ್ಪಿನ ಡಬ್ಬಿಯನ್ನು ಎತ್ತಿ ಪಕ್ಕದ ಮೇಜಿನ ಮೇಲಿಟ್ಟು, ಗೊಣಗುತ್ತಲೇ ತಟ್ಟೆ ಖಾಲಿ ಮಾಡುತ್ತಾನೆ.

ಬರ್ನಡೈನ್ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡು ಹಂಡೆಯತ್ತ ತಿರುಗುತ್ತಾರೆ. "ಗೊಣಗಲಿ ಬಿಡಿ. ಮುಂದಿನ ವರ್ಷದ ಉಪವಾಸಕ್ಕೂ ಇಲ್ಲೇ ಕೂತು ಹೀಗೇ ಗೊಣಗಲಿ. ನನಗಷ್ಟು ಸಾಕು."